ರಿಮೋಟ್ ಒತ್ತಿದರೆ ಸಾಲದು

 

ಪ್ರತಿ ವರ್ಷ ಡಿಸೆಂಬರ್ 14ರಂದು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ ಬರುತ್ತದೆ. ಅವತ್ತು ನಾವೆಲ್ಲ ಡ್ರಾಯಿಂಗ್ ಶೀಟಿನ ಮೇಲೆ ಕಣ್ಣೀರು ಹಾಕುವ ಬಲ್ಬಿನ ಚಿತ್ರ ಬರೆಯುತ್ತೇವೆ. ಕೆಳಗೆ "ವಿದ್ಯುತ್ ಉಳಿಸಿ, ದೇಶ ಬೆಳೆಸಿ" ಅಂತ ಬಣ್ಣದ ಅಕ್ಷರ. ಬಹುಮಾನ ಬಂದವರಿಗೆ ಚಪ್ಪಾಳೆ. ಸಂಜೆ ಮನೆಗೆ ಹೋಗಿ ಟಿವಿ ನೋಡಿ, ರಿಮೋಟಿನಲ್ಲಿ ಆರಿಸಿ ಮಲಗಿಬಿಡುತ್ತೇವೆ. ಆ ಟಿವಿ ಕೆಳಗೆ ಒಂದು ಸಣ್ಣ ಕೆಂಪು ದೀಪ ರಾತ್ರಿಯೆಲ್ಲ ನಮ್ಮನ್ನೇ ನೋಡ್ತಾ ಇರುತ್ತೆ. ಅದರ ಬಗ್ಗೆ ಯಾರೂ ಚಿತ್ರ ಬರೆದಿಲ್ಲ. ನಾನೂ ಬರೆದಿಲ್ಲ. ಅದಕ್ಕೇ ಈ ಸಲ ಗೋಡೆ ಪತ್ರಿಕೆಗೆ ಈ ಲೇಖನ ಬರೀತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಿಮೋಟ್ ಒತ್ತಿದರೆ ಟಿವಿ ಸುಮ್ಮನಾಗುತ್ತೆ ಅಷ್ಟೇ, ಕರೆಂಟು ನಿಲ್ಲೋದಿಲ್ಲ. ನಿಲ್ಲಬೇಕಾದರೆ ಗೋಡೆ ಸ್ವಿಚ್ ಆರಿಸಬೇಕು. ನಾವು ಯಾಕೆ ಆರಿಸೋದಿಲ್ಲ ಅನ್ನೋದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ. ಅದನ್ನೂ ಮುಂದೆ ಹೇಳುತ್ತೇನೆ.

ಇದು ನನಗೆ ಗೊತ್ತಾಗಿದ್ದು ಹಲಸೂರಿನ ಮಾವನ ಮನೆಯಲ್ಲಿ. ರಜೆ ಬಂದರೆ ನಾನು ಅಲ್ಲಿಗೆ ಹೋಗುತ್ತೇನೆ. ನಮ್ಮೂರಿಂದ ಕೆ.ಆರ್. ಪುರಂವರೆಗೆ ಬಸ್ಸು, ಅಲ್ಲಿಂದ ಮೆಟ್ರೊ. ಬೆನ್ನಿಗಾನಹಳ್ಳಿ ದಾಟಿ ಬೈಯಪ್ಪನಹಳ್ಳಿ ಬಂತು ಅಂದರೆ ನನಗೆ ಅಜ್ಜನ ನೆನಪು. ಅಮ್ಮನ ಅಪ್ಪ ಅವರು. ಅಲ್ಲಿದ್ದ ಎನ್.ಜಿ.ಇ.ಎಫ್. ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಜರ್ಮನಿಯ ಎ.ಇ.ಜಿ. ಕಂಪನಿಯ ಸಹಕಾರದಿಂದ ಸ್ಥಾಪನೆಯಾದ ಸರ್ಕಾರಿ ಕಾರ್ಖಾನೆ ಅದು. ದೊಡ್ಡ ದೊಡ್ಡ ಟ್ರಾನ್ಸ್‌ಫಾರ್ಮರ್, ಮೋಟಾರು ಅಲ್ಲಿ ತಯಾರಾಗುತ್ತಿದ್ದವು. 2002ರಲ್ಲಿ ಮುಚ್ಚಿತು. ಈಗ ಅಜ್ಜ ಮಾವನ ಜೊತೆ ಹಲಸೂರಿನಲ್ಲೇ ಇದ್ದಾರೆ. ಕಣ್ಣು ಸ್ವಲ್ಪ ಮಂದ, ಕಿವಿ ಮಾತ್ರ ಚುರುಕು.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಜ್ಜ ನನ್ನನ್ನು ಕರೆದರು. "ಪುಟ್ಟಾ, ಆ ಹಾಡಿನ ಪೆಟ್ಟಿಗೆ ಮೇಲೆ ಕೈ ಇಡು" ಅಂದರು. ಹಾಡಿನ ಪೆಟ್ಟಿಗೆ ಅಂದರೆ ಮಾವ ಶಿವಾಜಿನಗರದ ಗುಜರಿಯಲ್ಲಿ ತಂದ ಹಳೇ ಹೋಂ ಥಿಯೇಟರ್. ಅವತ್ತು ಅದನ್ನು ಯಾರೂ ಹಾಕಿರಲೇ ಇಲ್ಲ. ಆದರೂ ಕೈಗೆ ಬೆಚ್ಚಗೆ ತಗುಲಿತು. ಪಕ್ಕದ ಸೆಟ್‌ಟಾಪ್ ಬಾಕ್ಸ್ ಇನ್ನೂ ಬಿಸಿ. ಬೆಕ್ಕು ಅದರ ಪಕ್ಕದಲ್ಲೇ ಯಾಕೆ ಮಲಗುತ್ತೆ ಅಂತ ಅವತ್ತು ಗೊತ್ತಾಯ್ತು.

ಅಜ್ಜ ಹೇಳಿದ್ದು ಹೀಗೆ: "ಟ್ರಾನ್ಸ್‌ಫಾರ್ಮರಿಗೆ ಒಂದು ಗುಣ ಇದೆ. ಆ ಕಡೆಯಿಂದ ಯಾರೂ ಕರೆಂಟ್ ತಗೊಳ್ಳದೇ ಇದ್ದರೂ, ಈ ಕಡೆ ಲೈನು ಕೊಟ್ಟಿದ್ದರೆ ಅದು ತಿನ್ನೋದನ್ನ ತಿಂತಾನೇ ಇರುತ್ತೆ. ಒಳಗಿನ ಕಬ್ಬಿಣ ಬಿಸಿ ಆಗುತ್ತೆ. ನಾವು ಅದಕ್ಕೆ ನೋ ಲೋಡ್ ಲಾಸ್ ಅಂತಿದ್ವಿ. ನಮ್ಮಲ್ಲಿ ಅದನ್ನ ಅಳತೆ ಮಾಡಿ ಬರೆದು ಕಳಿಸ್ತಿದ್ವಿ. ನಿಮ್ಮನೆ ಪೆಟ್ಟಿಗೇಲಿ ಅದನ್ನ ಅಳೆಯೋರು ಯಾರು?"

ಹಳೇ ಕಾಲದ ಹೋಂ ಥಿಯೇಟರ್, ಟೇಪ್ ರೆಕಾರ್ಡರುಗಳಲ್ಲಿ ಒಳಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತೆ. ಎಷ್ಟೋ ಪೆಟ್ಟಿಗೆಗಳಲ್ಲಿ ನಾವು ಒತ್ತುವ ಗುಂಡಿ ಆ ಟ್ರಾನ್ಸ್‌ಫಾರ್ಮರ್ ಆದಮೇಲೆ ಇರುತ್ತೆ. ಗುಂಡಿ ಒತ್ತಿದರೆ ಹಾಡು ನಿಲ್ಲುತ್ತೆ, ಟ್ರಾನ್ಸ್‌ಫಾರ್ಮರ್ ನಿಲ್ಲೋದಿಲ್ಲ. ಟಿವಿ ಕಥೆ ಬೇರೆ. ಮೊದಲು ಟಿವಿಯ ಮುಂದುಗಡೆಯೇ ಒಂದು ದಪ್ಪ ಗುಂಡಿ ಇರುತ್ತಿತ್ತಂತೆ. "ಟಕ್" ಅಂತ ಒತ್ತಿದರೆ ಪೂರ್ತಿ ಆಫ್. ರಿಮೋಟ್ ಬಂದ ಮೇಲೆ ಎದ್ದು ಹೋಗುವ ಕೆಲಸ ತಪ್ಪಿತು. ಆದರೆ ರಿಮೋಟಿನ ಕರೆ ಕೇಳಿಸಬೇಕು ಅಂದರೆ ಟಿವಿಯ ಒಂದು ಕಿವಿ ಸದಾ ಎಚ್ಚರ ಇರಬೇಕಲ್ಲ? ಆ ಎಚ್ಚರಕ್ಕೂ ಕರೆಂಟು ಬೇಕು. ಇದಕ್ಕೆ ಸ್ಟ್ಯಾಂಡ್‌ಬೈ ಅಂತ ಹೆಸರು. ಬಾಡಿಗೆ ಆಟೋ ನಿಲ್ಲಿಸಿಕೊಂಡು, ಮೀಟರ್ ಓಡ್ತಾ ಇರುವಾಗ ನಾವು ಅಂಗಡಿಯಲ್ಲಿ ಕೂತ ಹಾಗೆ.

"ಎಷ್ಟು ತಿನ್ನುತ್ತೆ ಅಂತ ಲೆಕ್ಕ ಹಾಕೋಣವಾ?" ಅಂತ ಅಜ್ಜನನ್ನು ಕೇಳಿದೆ. ಅಜ್ಜನಿಗೆ ಅಷ್ಟೇ ಸಾಕಾಯ್ತು.

ಕರೆಂಟ್ ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಣುಕ್ ಮಿಣುಕ್ ಅನ್ನೋದನ್ನ ನೀವೂ ನೋಡಿರುತ್ತೀರಿ. ಒಂದು ಯೂನಿಟ್ ಖರ್ಚಾಗಲು ಆ ದೀಪ ಎಷ್ಟು ಸಲ ಮಿನುಗಬೇಕು ಅಂತ ಮೀಟರಿನ ಮೇಲೇ ಬರೆದಿರುತ್ತೆ. ಮಾವನ ಮನೆ ಮೀಟರಿನಲ್ಲಿ 3200 ಅಂತ ಇತ್ತು. ನಿಮ್ಮದರಲ್ಲಿ ಬೇರೆ ಇರಬಹುದು, ನೋಡಿಕೊಳ್ಳಿ.

ಭಾನುವಾರ ಬೆಳಿಗ್ಗೆ ಫ್ಯಾನು, ಲೈಟು, ಇಂಟರ್ನೆಟ್ ಡಬ್ಬಿ ಎಲ್ಲಾ ಆರಿಸಿದೆವು. ಫ್ರಿಜ್ ಆರಿಸಲು ಅತ್ತೆ ಒಪ್ಪಲಿಲ್ಲ. "ದೋಸೆ ಹಿಟ್ಟು ಹುಳಿ ಬಂದರೆ ನೀವಿಬ್ಬರೇ ತಿನ್ನಬೇಕು" ಅಂದರು. ಬಾಗಿಲು ತೆಗೆಯದೆ ಒಂದೂವರೆ ಗಂಟೆ ಮಾತ್ರ ಅಂತ ಒಪ್ಪಂದ ಆಯ್ತು. ಟಿವಿ, ಸೆಟ್‌ಟಾಪ್ ಬಾಕ್ಸ್, ಹೋಂ ಥಿಯೇಟರ್ ಮೂರನ್ನೂ ರಿಮೋಟಿನಲ್ಲಿ ಮಾತ್ರ ಆರಿಸಿ, ಗೋಡೆ ಸ್ವಿಚ್ ಹಾಗೇ ಬಿಟ್ಟೆವು. ನಾನು ಮೀಟರ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಅಜ್ಜ ಗಡಿಯಾರ ಹಿಡಿದರು.

ಮೊದಲ ಅರ್ಧ ಗಂಟೆಯಲ್ಲಿ ದೀಪ 32 ಸಲ ಮಿನುಗಿತು. ಆಮೇಲೆ ಸೆಟ್‌ಟಾಪ್ ಬಾಕ್ಸನ್ನು ಗೋಡೆ ಸ್ವಿಚ್ಚಿನಲ್ಲಿ ಆರಿಸಿದೆವು. ಮುಂದಿನ ಅರ್ಧ ಗಂಟೆಯಲ್ಲಿ 11 ಸಲ. ಆಮೇಲೆ ಹೋಂ ಥಿಯೇಟರನ್ನೂ ಆರಿಸಿದೆವು. ಕೊನೆಯ ಅರ್ಧ ಗಂಟೆ ಒಂದು ಸಲವೂ ಮಿನುಗಲಿಲ್ಲ. ಹಾಗಂತ ಟಿವಿ ಏನೂ ತಿನ್ನಲ್ಲ ಅಂತಲ್ಲ. ತುಂಬಾ ಸಣ್ಣ ಕರೆಂಟು ಮೀಟರಿಗೆ ಗೊತ್ತೇ ಆಗೋದಿಲ್ಲ ಅಂತ ಅಜ್ಜ ಹೇಳಿದರು.

ಈಗ ಲೆಕ್ಕ ನೋಡಿ. ಅರ್ಧ ಗಂಟೆಗೆ 32 ಅಂದರೆ ಗಂಟೆಗೆ 64. ಅದನ್ನು 3200ರಿಂದ ಭಾಗಿಸಿದರೆ 0.02 ಯೂನಿಟ್, ಅಂದರೆ 20 ವ್ಯಾಟ್. ಅದರಲ್ಲಿ ಸೆಟ್‌ಟಾಪ್ ಬಾಕ್ಸ್ ಪಾಲು 13 ವ್ಯಾಟ್. ಉಳಿದ 7 ವ್ಯಾಟ್ ಹೆಚ್ಚೂಕಡಿಮೆ ಹೋಂ ಥಿಯೇಟರಿನದು. ನಾವು ದಿನಾ ಬೈಯುವ ಟಿವಿಯೇ ಮೂವರಲ್ಲಿ ಸಾಧು!

ಮಾವನ ಮನೆಯಲ್ಲಿ ದಿನಕ್ಕೆ 5 ಗಂಟೆ ಟಿವಿ ಓಡುತ್ತೆ. ಉಳಿದ 19 ಗಂಟೆ ಯಾರೂ ನೋಡೋದಿಲ್ಲ. 20 ವ್ಯಾಟನ್ನು 19ರಿಂದ ಗುಣಿಸಿದರೆ ದಿನಕ್ಕೆ 0.38 ಯೂನಿಟ್. ತಿಂಗಳಿಗೆ 11 ಯೂನಿಟ್‌ಗೂ ಜಾಸ್ತಿ. ವರ್ಷಕ್ಕೆ 138 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೂ ಸುಮಾರು 830 ರೂಪಾಯಿ. ಯಾರೂ ನೋಡದ ಟಿವಿಗೆ, ಯಾರೂ ಕೇಳದ ಹಾಡಿಗೆ ಇಷ್ಟು ದುಡ್ಡು.

ಸೆಟ್‌ಟಾಪ್ ಬಾಕ್ಸ್ ಯಾಕೆ ಅಷ್ಟೊಂದು ತಿನ್ನುತ್ತೆ? ರಿಮೋಟ್ ಒತ್ತಿದಾಗ ಎಷ್ಟೋ ಬಾಕ್ಸುಗಳು ಟಿವಿಗೆ ಚಿತ್ರ ಕಳಿಸೋದನ್ನ ಮಾತ್ರ ನಿಲ್ಲಿಸುತ್ತವೆ. ಒಳಗಿನ ಕೆಲಸ ಹಾಗೇ ನಡೀತಿರುತ್ತೆ. ಚಾನೆಲ್ ಅನುಮತಿಯ ಸಂಕೇತ ಬರುತ್ತಾ ಅಂತ ಕಾಯ್ತಾ ಇರುತ್ತವೆ. ತಾರಸಿ ಮೇಲೆ ಡಿಶ್ ಇದ್ದರೆ ಅದಕ್ಕೂ ಕರೆಂಟು ಕಳಿಸ್ತಾ ಇರಬಹುದು. ತರಗತಿಯಲ್ಲಿ ಕಣ್ಣು ಮುಚ್ಚಿಕೊಂಡು ನಿದ್ದೆ ಮಾಡೋ ಹಾಗೆ ನಟಿಸ್ತೀವಲ್ಲ, ಹಾಗೆ. ಬೆಂಗಳೂರಿನಲ್ಲಿ ಕೇಬಲ್ ಟಿವಿಗೆ ಬಾಕ್ಸ್ ಕಡ್ಡಾಯ ಮಾಡಲು 2013ರ ಮಾರ್ಚ್ 31ರ ಗಡುವು ಇತ್ತು. ಹಳ್ಳಿಗಳಿಗೆ ಕೊನೆಯ ಗಡುವು 2017ರ ಮಾರ್ಚ್ 31. ಹೀಗೆ ನಾವು ಕೇಳದೇ ಇದ್ದರೂ ಮನೆ ಮನೆಗೆ ಒಂದು ಬೆಚ್ಚನೆ ಪೆಟ್ಟಿಗೆ ಬಂದು ಕೂತಿತು.

ಅತ್ತೆಗೆ ಲೆಕ್ಕ ತೋರಿಸಿದೆ. ಅತ್ತೆ ನಕ್ಕರು. "ನಮಗೆ ಗೃಹಜ್ಯೋತಿ ಕಣೇ. ಬಿಲ್ಲು ಸೊನ್ನೆ. ನಿನಗ್ಯಾಕೆ ತಲೆನೋವು?" ಅಂದರು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ.

ಒಂದನೆಯದು, ಗೃಹಜ್ಯೋತಿ ಅಂದರೆ ಎಷ್ಟು ಬೇಕಾದರೂ ಉರಿಸಿ ಅಂತಲ್ಲ. 2023ರಲ್ಲಿ ಶುರುವಾದಾಗಲೇ ಅದಕ್ಕೊಂದು ಮಿತಿ ಹಾಕಿದ್ದರು. ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇಕಡ 10. ಅದು ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಅತ್ತೆಗೆ ಏಪ್ರಿಲ್ ತಿಂಗಳು, ಫ್ಯಾನು ಹಗಲು ರಾತ್ರಿ ತಿರುಗಿದಾಗ, ಮಿತಿ ದಾಟಿ 9 ಯೂನಿಟ್ಟಿಗೆ ಬಿಲ್ಲು ಬಂತು. ಪೆಟ್ಟಿಗೆಗಳು ಸುಮ್ಮನೆ ತಿಂದಿದ್ದು 11. ಲೆಕ್ಕ ನೀವೇ ಹಾಕಿ.

ಎರಡನೆಯದು, ಬಿಲ್ಲು ಸೊನ್ನೆ ಆದರೂ ಕರೆಂಟು ಸೊನ್ನೆ ಅಲ್ಲ. ನಮ್ಮ ಬಿಲ್ಲನ್ನು ಸರ್ಕಾರ ಕಟ್ಟುತ್ತೆ. ಸರ್ಕಾರದ ದುಡ್ಡು ಅಂದರೆ ನಾವು ಬೆಂಕಿಪೊಟ್ಟಣ, ಸೋಪು ತಗೊಂಡಾಗ ಕೊಡುವ ತೆರಿಗೆ. ಕರೆಂಟು ಎಲ್ಲಿಂದ ಬರುತ್ತೆ ಅಂತಲೂ ಯೋಚಿಸಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದು ಮೊದಲು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಅದೇ ಕರೆಂಟಿನಿಂದ ಬೆಂಗಳೂರಿನಲ್ಲಿ ದೀಪ ಹತ್ತಿತು. ಆಗ ನೀರು ಮಾತ್ರ. ಈಗ ನೀರು, ಗಾಳಿ, ಬಿಸಿಲಿನ ಜೊತೆಗೆ ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲನ್ನೂ ಸುಡುತ್ತಾರೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆಯಲು ಅರ್ಧ ಕೆಜಿಗೂ ಹೆಚ್ಚು ಬೇಕು. ಹಾಗಾದರೆ 138 ಯೂನಿಟ್ಟಿಗೆ ಒಂದು ದೊಡ್ಡ ಮೂಟೆಗೂ ಜಾಸ್ತಿ ಕಲ್ಲಿದ್ದಲು ಆಯ್ತು. ಪಾವಗಡದ ಬಿಸಿಲಿನ ಕರೆಂಟು ಇದೆಯಲ್ಲ ಅಂತ ನೀವು ಕೇಳಬಹುದು. ಆದರೆ ನಮ್ಮ ಪೆಟ್ಟಿಗೆಗಳು ಎಚ್ಚರ ಇರೋದು ರಾತ್ರಿಯೂ ಹೌದು. ರಾತ್ರಿ ಸೂರ್ಯ ಇಲ್ಲ.

ಮೂರನೆಯದು ನಮ್ಮ ಮನೆ ಮಾತು. 2023ರಲ್ಲಿ ಮಳೆ ಕೈಕೊಟ್ಟಾಗ, ಅಕ್ಟೋಬರ್‌ನಲ್ಲಿ ಕರೆಂಟಿನ ಅಭಾವ ಆಗಿ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ಬದಲು 5 ಗಂಟೆ ಅಂತ ಮಾಡಿದ್ದರು. ನಮ್ಮಪ್ಪ ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ಸೊಪ್ಪಿನ ಮಡಿಗೆ ನೀರು ಬಿಡಲು ಹೋಗುತ್ತಿದ್ದರು. ಅಮ್ಮ ಅವರು ಬರೋವರೆಗೂ ಬಾಗಿಲಲ್ಲೇ ಕೂತಿರುತ್ತಿದ್ದಳು. ಹಾವಿನ ಭಯ. ಕೊನೆಗೂ ಎರಡು ಮಡಿ ಕೊತ್ತಂಬರಿ ಒಣಗಿಹೋಯ್ತು. ಮಾವನ ಮನೆ ಕೆಂಪು ದೀಪ ಆರಿಸಿದರೆ ಅದೇ ಕರೆಂಟು ನೇರ ನಮ್ಮ ತೋಟಕ್ಕೆ ಹರಿದು ಬರುತ್ತೆ ಅಂತ ನಾನು ಹೇಳೋದಿಲ್ಲ. ಅದು ಅಷ್ಟು ಸುಲಭ ಅಲ್ಲ. ಆದರೆ ಅಭಾವ ಬಂದಾಗ ಪಂಪು ನಿಲ್ಲುತ್ತೆ, ನಮ್ಮ ಓದುವ ದೀಪ ನಿಲ್ಲುತ್ತೆ, ಬೇಡದ ಪೆಟ್ಟಿಗೆ ಮಾತ್ರ ನಿಲ್ಲೋದಿಲ್ಲ ಅಂದರೆ ನ್ಯಾಯವೇ? ಇದಕ್ಕೆ ಮಾತ್ರ ಅತ್ತೆ ನಗಲಾರರು ಅನ್ನಿಸುತ್ತೆ.

ಪಟ್ಟಣದವರನ್ನು ಬೈದು ನಾವು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ನಮ್ಮೂರಿನ ತಾರಸಿಗಳ ಮೇಲೆ ಎಷ್ಟು ಡಿಶ್ ಇದೆ ಎಣಿಸಿ. ಹೋಂ ಥಿಯೇಟರ್ ಬಿಡಿ, ಮಾವನ ಮನೆಯಂಥ ಬಾಕ್ಸ್ ಒಂದೇ ಅಂದುಕೊಂಡರೂ ಮನೆಗೆ ವರ್ಷಕ್ಕೆ 90 ಯೂನಿಟ್ ಸುಮ್ಮನೆ ಹೋಗುತ್ತೆ. 90 ಯೂನಿಟ್ಟಿನಲ್ಲಿ ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಾ 5 ಗಂಟೆಯಂತೆ ಐದು ವರ್ಷ ಉರಿಸಬಹುದು. ಅಂದರೆ ಐದನೇ ತರಗತಿಯಿಂದ ಒಂಬತ್ತನೇ ತರಗತಿವರೆಗೆ ನಾನು ಓದಿದ ದೀಪದ ಖರ್ಚು! ನೂರು ಮನೆ ಸೇರಿದರೆ ವರ್ಷಕ್ಕೆ 9,000 ಯೂನಿಟ್. ಹನಿ ಹನಿ ಕೂಡಿದರೆ ಹಳ್ಳ ಅಂತಾರೆ. ಹನಿ ಹನಿ ಸೋರಿದರೂ ಹಳ್ಳವೇ.

ಇದು ಬರೀ ನಮ್ಮ ತಪ್ಪು ಅಂತಲೂ ನಾನು ಒಪ್ಪೋದಿಲ್ಲ. ತಯಾರಿಸುವವರು ಮನಸ್ಸು ಮಾಡಿದರೆ ಇದನ್ನು ಕಡಿಮೆ ಮಾಡಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೇಯರ್ ಎಂಬ ವಿಜ್ಞಾನಿ 1998ರಲ್ಲೇ ಒಂದು ಸಲಹೆ ಕೊಟ್ಟರು: ಯಾವ ಉಪಕರಣವೂ ಸ್ಟ್ಯಾಂಡ್‌ಬೈನಲ್ಲಿ 1 ವ್ಯಾಟ್‌ಗಿಂತ ಹೆಚ್ಚು ತಿನ್ನಬಾರದು. ಯುರೋಪಿನ ದೇಶಗಳು 2010ರಿಂದ ಸಾಮಾನ್ಯ ಮನೆ ಉಪಕರಣಗಳಿಗೆ ಹೆಚ್ಚೂಕಡಿಮೆ ಅದನ್ನೇ ಕಾನೂನು ಮಾಡಿದವು. 2013ರಿಂದ ಅದನ್ನು ಅರ್ಧ ವ್ಯಾಟಿಗೆ ಇಳಿಸಿದವು. ಹೊಸ ಟಿವಿಗಳು ಸಾಧು ಆಗಿರೋದಕ್ಕೆ ಇಂಥ ಕಾನೂನುಗಳೇ ಒಂದು ಕಾರಣ. ನಮ್ಮ ದೇಶದಲ್ಲೂ 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂತು. 2006ರಿಂದ ಸ್ಟಾರ್ ಗುರುತಿನ ಚೀಟಿ ಬಂತು. ಟಿವಿ ತರಲು ಹೋದಾಗ ಅಪ್ಪ ಬಣ್ಣ ನೋಡಲಿ, ಅಣ್ಣ ಸೈಜು ನೋಡಲಿ, ನಾವು ಸ್ಟಾರ್ ನೋಡೋಣ. "ಸ್ಟ್ಯಾಂಡ್‌ಬೈನಲ್ಲಿ ಎಷ್ಟು ವ್ಯಾಟ್?" ಅಂತ ಅಂಗಡಿಯವರನ್ನು ಕೇಳೋಣ. ಅವರಿಗೆ ಗೊತ್ತಿಲ್ಲದಿದ್ದರೂ, ನಾಲ್ಕು ಜನ ಕೇಳಿದ ಮೇಲೆ ತಿಳಿದುಕೊಳ್ಳುತ್ತಾರೆ.

ಇನ್ನು ಸೋಮಾರಿತನದ ಮಾತು. ಮಾವನ ಮನೆಯಲ್ಲಿ ಟಿವಿಯ ಸ್ವಿಚ್ ಬೋರ್ಡ್ ಎಲ್ಲಿದೆ ಗೊತ್ತಾ? ಶೋಕೇಸಿನ ಹಿಂದೆ, ನೆಲದಿಂದ ಒಂದು ಅಡಿ ಮೇಲೆ. ದಿನಾ ಬಗ್ಗಿ, ಕೈ ತೂರಿಸಿ, ಧೂಳು ಮೆತ್ತಿಸಿಕೊಂಡು ಯಾರು ಆರಿಸುತ್ತಾರೆ? ನಾನೂ ಆರಿಸೋದಿಲ್ಲ. ಅಮೆರಿಕದಲ್ಲಿ ಗೋಡೆ ಪ್ಲಗ್ಗಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರೋದಿಲ್ಲವಂತೆ, ಪ್ಲಗ್ ಕಿತ್ತೇ ತೆಗೀಬೇಕು. ನಮ್ಮಲ್ಲಿ ಪ್ಲಗ್ಗಿಗೊಂದು ಸ್ವಿಚ್ ಇದೆ. ಇಷ್ಟು ಒಳ್ಳೇ ವ್ಯವಸ್ಥೆ ಇಟ್ಟುಕೊಂಡು ಅದರ ಮುಂದೆ ಶೋಕೇಸ್ ಇಡುತ್ತೇವೆ!

ಅಜ್ಜನೇ ಉಪಾಯ ಮಾಡಿದರು. ಸ್ವಿಚ್ ಇರುವ ಒಂದು ಒಳ್ಳೇ ಎಕ್ಸ್‌ಟೆನ್ಶನ್ ಬೋರ್ಡ್ ತರಿಸಿ, ಟಿವಿ, ಬಾಕ್ಸ್, ಹೋಂ ಥಿಯೇಟರ್ ಮೂರನ್ನೂ ಅದಕ್ಕೇ ಸಿಕ್ಕಿಸಿ, ಬೋರ್ಡನ್ನು ಶೋಕೇಸಿನ ಪಕ್ಕ ಕೈಗೆ ಸಿಗುವ ಎತ್ತರದಲ್ಲಿ ಮಾವನ ಕೈಲಿ ಹಾಕಿಸಿದರು. ಈಗ ಒಂದೇ ಸ್ವಿಚ್, ಮೂರೂ ಆಫ್. ಅತ್ತೆ ಮೊದಲು ಗೊಣಗಿದರು. ಬಾಕ್ಸ್ ಮತ್ತೆ ಶುರುವಾಗಲು ಒಂದೆರಡು ನಿಮಿಷ ಬೇಕು, ಧಾರಾವಾಹಿಯ ಮೊದಲ ಸೀನ್ ತಪ್ಪುತ್ತೆ ಅಂತ. ಅದಕ್ಕೂ ದಾರಿ ಸಿಕ್ಕಿತು. ಸಂಜೆ ದೇವರಿಗೆ ದೀಪ ಹಚ್ಚಲು ಹೋಗುವಾಗ ಸ್ವಿಚ್ ಹಾಕುತ್ತಾರೆ. ದೀಪ ಹಚ್ಚಿ ಕೈಮುಗಿದು ಬರುವಷ್ಟರಲ್ಲಿ ಬಾಕ್ಸ್ ತಯಾರು.

ಗೆಳೆಯರೇ, ಗೆಳತಿಯರೇ, ನೀವು ಮಾಡುವುದಾದರೆ ನಾಲ್ಕು ಮಾತು ನೆನಪಿಡಿ.

1. ಮೊದಲು ರಿಮೋಟಿನಲ್ಲಿ ಆರಿಸಿ, ಆಮೇಲೆ ಗೋಡೆ ಸ್ವಿಚ್. ಒದ್ದೆ ಕೈಯಲ್ಲಿ ಮುಟ್ಟಬೇಡಿ. ವೈರಿನ ಕೆಲಸ ದೊಡ್ಡವರು ಮಾಡಲಿ.

2. ಮೊದಲು ಸೆಟ್‌ಟಾಪ್ ಬಾಕ್ಸ್, ಹಳೇ ಹೋಂ ಥಿಯೇಟರ್ ಹಿಡಿಯಿರಿ. ಮೊಬೈಲ್ ಚಾರ್ಜರ್ ಸುಮ್ಮನೆ ಪ್ಲಗ್ಗಿನಲ್ಲಿದ್ದರೆ ಸಾಮಾನ್ಯವಾಗಿ ಅರ್ಧ ವ್ಯಾಟೂ ತಿನ್ನೋದಿಲ್ಲ. ಅದನ್ನೂ ತೆಗೆದರೆ ಒಳ್ಳೇದೇ. ಆದರೆ ಇಲಿ ಹಿಡಿಯಲು ಹೋಗಿ ಹೆಗ್ಗಣ ಬಿಡಬಾರದು.

3. ರಾತ್ರಿ ಕಾರ್ಯಕ್ರಮ ರೆಕಾರ್ಡ್ ಆಗಬೇಕಿದ್ದರೆ ಬಾಕ್ಸ್ ಆರಿಸಬೇಡಿ. ಬೇಕಾದ್ದನ್ನು ಉರಿಸೋದು ಪೋಲಲ್ಲ.

4. ಮೀಟರ್ ಮುಂದೆ ಕೂತು ನೀವೇ ಎಣಿಸಿ. ನನ್ನ ಮಾತು ನಂಬಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ತಪ್ಪಾದರೆ ಗುರುಗಳು ಕ್ಷಮಿಸಬೇಕು. ನಮ್ಮ ಶಾಲೆಯ ಸ್ಮಾರ್ಟ್ ಕ್ಲಾಸ್ ಕೋಣೆಯಲ್ಲಿ ಒಂದು ಟಿವಿ ಇದೆ. ಪ್ರಾರ್ಥನೆಗೆ ಹಾಕುವ ಮೈಕಿನ ಆಂಪ್ಲಿಫೈಯರ್ ಆಫೀಸ್ ರೂಮಿನಲ್ಲಿದೆ. ಶನಿವಾರ ಮಧ್ಯಾಹ್ನ ಬೀಗ ಹಾಕುವಾಗ ಕಿಟಕಿಯಿಂದ ಇಣುಕಿ ನೋಡಿದೆ. ಎರಡರಲ್ಲೂ ಕೆಂಪು ದೀಪ ಉರೀತಿತ್ತು. ಸೋಮವಾರ ಬೆಳಿಗ್ಗೆ ಬಂದು ನೋಡಿದೆ. ಹಾಗೇ ಇತ್ತು. ಕಳೆದ ಡಿಸೆಂಬರ್ 14ರ ನಮ್ಮ ಚಿತ್ರಗಳೂ ಅದೇ ಕೋಣೆಯ ಗೋಡೆ ಮೇಲೆ ಇವೆ. ಕಣ್ಣೀರು ಹಾಕುವ ಬಲ್ಬುಗಳು ಎರಡು ದಿನ ಆ ಕೆಂಪು ದೀಪವನ್ನೇ ನೋಡಿಕೊಂಡು ಇದ್ದವು ಅಂತ ನನಗೆ ನಾಚಿಕೆ ಆಯ್ತು.

ನೀರಿಗೆ, ಕಸಕ್ಕೆ, ಗಂಟೆ ಬಾರಿಸಲು ನಮ್ಮಲ್ಲಿ ಮಂತ್ರಿಗಳಿದ್ದಾರೆ. ಸ್ವಿಚ್ಚಿಗೂ ಒಬ್ಬರನ್ನು ಮಾಡಬೇಕು ಅಂತ ಶಾಲಾ ಸಂಸತ್ತಿಗೆ ನನ್ನ ಮನವಿ. ದಿನಾ ಸಂಜೆ ಬೀಗ ಹಾಕುವ ಮೊದಲು ಎರಡು ಸ್ವಿಚ್ ಆರಿಸುವುದು, ಅಷ್ಟೇ ಕೆಲಸ. ಯಾರೂ ಒಪ್ಪದಿದ್ದರೆ ನಾನೇ ಮಾಡುತ್ತೇನೆ.

ನಿಮ್ಮ ಮನೆ ಮೀಟರ್ ಅರ್ಧ ಗಂಟೆಗೆ ಎಷ್ಟು ಸಲ ಮಿನುಗಿತು ಅಂತ ಎಣಿಸಿದವರು ಒಂದು ಚೀಟಿಯಲ್ಲಿ ಬರೆದು ನನಗೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಲೆಕ್ಕ ಇದೇ ಗೋಡೆ ಮೇಲೆ ಹಾಕೋಣ. ಏನಂತೀರಿ?

— ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ